ಕಲ್ಲಿನ ಧೂಳು ಊದಿದರೆ ಹೋಗುವುದಿಲ್ಲ

ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಸಿಳ್ಳೆ ಅಂತಲೇ. ಮಿಷನ್ ಎಷ್ಟೇ ಅರಚಲಿ, ಅದಕ್ಕಿಂತ ಜೋರಾಗಿ ಸಿಳ್ಳೆ ಹಾಕುತ್ತಾ ಅಡುಗೆಕಟ್ಟೆಯ ಕಲ್ಲನ್ನು ಬೆಣ್ಣೆಯ ಹಾಗೆ ಕೊಯ್ಯುತ್ತಿದ್ದ. ಈಚೆಗೆ ಆ ಸಿಳ್ಳೆ ನಿಂತಿತ್ತು. ಶೆಡ್ಡಿನಲ್ಲಿ ಯಾರೂ ಗಮನಿಸಲಿಲ್ಲ. ಗಮನಿಸಿದವಳು ಹೆಂಡತಿ.

ಅವರ ಮನೆ ಎರಡನೇ ಮಹಡಿಯಲ್ಲಿ. ಸಂಜೆ ಅವನು ಬರುವ ಹೊತ್ತಿಗೆ ಅವಳು ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದಳು. ಹೆಜ್ಜೆ ಸದ್ದು ಅರ್ಧ ಮೆಟ್ಟಿಲಿಗೇ ನಿಲ್ಲುತ್ತಿತ್ತು. ಆಮೇಲೆ ಕೆಮ್ಮು. ಆಮೇಲೆ ಏನೂ ಇಲ್ಲ. ಏನೂ ಕೇಳಿಸದ ಆ ಹೊತ್ತಿನಲ್ಲಿ ಅವಳು ಬಾಗಿಲ ಚಿಲಕಕ್ಕೆ ಕೈ ಹಾಕುತ್ತಿದ್ದಳು.

“ಯಾಕೆ ನಿಂತ್ರಿ?” ಒಂದು ಸಂಜೆ ಕೇಳಿಯೇಬಿಟ್ಟಳು.

“ಕೆಳಗಿನ ಮನೆಯವರ ಹತ್ರ ಮಾತಾಡ್ತಿದ್ದೆ.”

ಕೆಳಗಿನ ಮನೆಯವರು ಬೀಗ ಹಾಕಿಕೊಂಡು ಊರಿಗೆ ಹೋಗಿ ವಾರವಾಗಿತ್ತು.

ಮಾರನೇ ದಿನವೇ ಅವಳು ಗಂಡನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ದೊಡ್ಡಾಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ನರ್ಸು. ಡ್ಯೂಟಿ ಮುಗಿಸಿ ನೇರ ಇವರ ಮನೆಗೇ ಬಂದಳು.

“ಏನೋ, ಪ್ಯಾಂಟು ಸೊಂಟದಲ್ಲಿ ನಿಲ್ತಾನೇ ಇಲ್ಲ?”

“ತೂಕ ಇಳಿಸ್ತಿದ್ದೀನಿ ಅಕ್ಕಾ. ಸಿನಿಮಾದವರು ಕರೀತಿದ್ದಾರೆ.”

“ಕರೀತಿರೋರು ಸಿನಿಮಾದವರೇನಾ ಅಂತ ಸರಿಯಾಗಿ ನೋಡ್ಕೋ. ಎದೆ ಎಕ್ಸ್‌ರೇ ತೆಗೆಸಿದ್ಯಾ?”

“ಕೆಮ್ಮಿಗೆಲ್ಲ ಎಕ್ಸ್‌ರೇನಾ? ಕೆಲಸ ಮುಗಿದ ಮೇಲೆ ನಾವೆಲ್ಲ ಒಂದೊಂದು ಬಾಳೆಹಣ್ಣು ತಿಂತೀವಿ. ಧೂಳೆಲ್ಲ ಕೆಳಗಿಳಿದುಬಿಡುತ್ತೆ.”

“ಅನ್ನ ಇಳಿಯೋ ದಾರಿ ಬೇರೆ, ಉಸಿರು ಹೋಗೋ ದಾರಿ ಬೇರೆ ಕಣೋ. ಬಾಳೆಹಣ್ಣಿಗೆ ನಿನ್ನ ಶ್ವಾಸಕೋಶದ ವಿಳಾಸ ಗೊತ್ತಿಲ್ಲ.”

“ಅಯ್ಯೋ, ಅಷ್ಟೇ ಅಲ್ಲ. ಮನೆಗೆ ಬರೋ ಮುಂಚೆ ಗಾಳಿ ಪೈಪ್ ಹಿಡಿದು ತಲೆಯಿಂದ ಕಾಲಿನವರೆಗೂ ಊದಿಸ್ಕೋತೀವಿ, ಒಬ್ಬರಿಗೊಬ್ಬರು. ಮದುಮಗನ ಹಾಗೆ ಬರ್ತೀನಿ ನಾನು. ಇವಳನ್ನೇ ಕೇಳು.”

ಅಕ್ಕ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. “ಶೆಡ್ಡಿನ ಬಾಗಿಲು ಹಾಕ್ಕೊಂಡಾ?”

“ಹೊರಗೆ ಊದಿದ್ರೆ ಪಕ್ಕದ ಅಂಗಡಿಯವನು ಬಯ್ತಾನೆ.”

“ಊದಿದ ಧೂಳು ಎಲ್ಲಿಗೆ ಹೋಗುತ್ತೆ?”

“ಗಾಳಿಗೆ.”

“ಆ ಗಾಳೀನ ಉಸಿರಾಡೋರು ಯಾರು?”

ಸಿಳ್ಳೆ ಅಂಗಿಯ ತೋಳು ತಟ್ಟಿ ತೋರಿಸಿದ, ಧೂಳೇ ಇಲ್ಲವಲ್ಲ ಎಂಬಂತೆ.

“ಕಣ್ಣಿಗೆ ಕಾಣೋ ಧೂಳು ಕೆಳಗೆ ಬೀಳುತ್ತೆ,” ಅಂದಳು ಅಕ್ಕ. “ಕಾಣದೇ ಇರೋದು ಬೀಳಲ್ಲ, ಬಹಳ ಹೊತ್ತು ತೇಲ್ತಾ ಇರುತ್ತೆ. ಎದೆಯೊಳಗೆ ಹೋಗಿ ಕೂತು ಗಾಯ ಮಾಡೋದು ಅದೇ.”

“ಎಕ್ಸ್‌ರೇಲಿ ಏನಾದ್ರೂ ಕಂಡ್ರೆ ನಾಳೆಯಿಂದ ಬರಬೇಡ ಅಂತಾನೆ ಮಾಲೀಕ. ತೆಗೆಸದೇ ಇದ್ರೆ ಏನೂ ಇಲ್ಲ.”

“ಕಣ್ಮುಚ್ಚಿ ಹಾಲು ಕುಡಿಯೋ ಬೆಕ್ಕು ನೀನು. ಏಳು, ಚಪ್ಪಲಿ ಹಾಕ್ಕೋ.”

ಅಕ್ಕ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋದದ್ದು ಆಸ್ಪತ್ರೆಗಲ್ಲ. ಹಿಂದಿನ ಬೀದಿಯಲ್ಲಿದ್ದ ಪಾಲಿಶ್ ಮಾವನ ಮನೆಗೆ. ಅದೇ ಶೆಡ್ಡಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ಮನುಷ್ಯ, ಕೆಲಸ ಬಿಟ್ಟಿದ್ದ. ವಯಸ್ಸಾಯಿತು, ಬಿಟ್ಟ ಎಂದು ಸಿಳ್ಳೆ ತಿಳಿದಿದ್ದ. ಅವನು ತನ್ನ ವಾರ್ಡಿಗೆ ಬಂದುಹೋಗುವ ರೋಗಿ ಎಂಬುದು ಅಕ್ಕನಿಗೆ ಗೊತ್ತಿತ್ತು.

ಮಾವ ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ಬಗ್ಗಿ ಕೂತಿದ್ದ. ಮೂಗಿಗೆ ನಳಿಕೆ. ಮೂಲೆಯಲ್ಲಿ ಆಕ್ಸಿಜನ್ ಯಂತ್ರ ಗುರ್ ಅನ್ನುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಹೀಗೇ ಕೂತು ನಿದ್ದೆ ಮಾಡುತ್ತಾರೆ ಎಂದಳು ಅವನ ಮಗಳು.

“ಊಟ ಆಯ್ತಾ ಮಾವ?” ಸಿಳ್ಳೆ ಕೇಳಿದ.

“ಎರಡು ತುತ್ತು... ಅಗಿಯೋಕೆ ಹೋದ್ರೆ... ಉಸಿರು ಸಿಗಲ್ಲ.” ಅವನು ಸಿಳ್ಳೆಯ ಎದೆಯನ್ನೇ ನೋಡಿದ. “ನಿನಗೂ... ಮೆಟ್ಟಿಲಾ?”

ಸಿಳ್ಳೆ ತಲೆಯಾಡಿಸಿದ.

“ನನಗೂ ಮೊದಲು... ಮೆಟ್ಟಿಲೇ. ಯಾರೂ ಹೇಳಲಿಲ್ಲ... ಅನ್ನಲ್ಲಪ್ಪ. ಹೇಳಿದ್ರು. ನಾನು... ನಕ್ಕೆ.”

ಹೊರಗೆ ಬಂದ ಮೇಲೆ ಸಿಳ್ಳೆ ಬೀದಿದೀಪದ ಕಂಬ ಹಿಡಿದುಕೊಂಡು ನಿಂತ. “ಭಯ ಆಗ್ತಿದೆ ಕಣೇ.”

“ನನಗೆ ಯಾವಾಗಿಂದಲೋ ಆಗ್ತಿದೆ,” ಅಂದಳು ಹೆಂಡತಿ. “ಬೆಳಿಗ್ಗೆ ನಾನೂ ಬರ್ತೀನಿ ಆಸ್ಪತ್ರೆಗೆ.”

ಎಕ್ಸ್‌ರೇಯಲ್ಲಿ ಎರಡೂ ಕಡೆ ಚುಕ್ಕೆ ಚುಕ್ಕೆ, ಯಾರೋ ರವೆ ಚೆಲ್ಲಿದ ಹಾಗೆ. ಧೂಳು ತಿಂದ ಎದೆಗೆ ಕ್ಷಯ ಬೇಗ ಅಂಟುತ್ತದೆಂದು ಕಫವನ್ನೂ ಪರೀಕ್ಷೆ ಮಾಡಿದರು. ಕ್ಷಯ ಇರಲಿಲ್ಲ. ಡಾಕ್ಟರು ಸುತ್ತಿಬಳಸಲಿಲ್ಲ.

“ಆದ ಗಾಯ ಮಾಯೋದಿಲ್ಲ. ಇವತ್ತೇ ಧೂಳಿನಿಂದ ದೂರ ಆದ್ರೆ ಹೆಚ್ಚಾಗೋದು ನಿಧಾನ ಆಗಬಹುದು. ಬೀಡಿ ಸೇದ್ತಿದ್ರೆ ಅದನ್ನೂ ಬಿಡಬೇಕು. ಆಗಾಗ ಬಂದು ತೋರಿಸ್ತಾ ಇರಬೇಕು.”

ಎಕ್ಸ್‌ರೇ ಹಿಡಿದುಕೊಂಡು ಅಕ್ಕ, ತಮ್ಮ ಇಬ್ಬರೂ ಮಾಲೀಕನ ಹತ್ತಿರ ಹೋದರು. ಶೆಡ್ಡಿನ ಒಳಗೇ ಗಾಜಿನ ಕೋಣೆ ಅವನದು.

“ಇವನೊಬ್ಬನಿಗೇ ತಾನೇ ಹೀಗಾಗಿರೋದು?” ಅಂದ ಮಾಲೀಕ.

“ಎಕ್ಸ್‌ರೇ ತೆಗೆಸಿರೋದು ಇವನೊಬ್ಬನೇ. ನೀವು ತೆಗೆಸಿದ್ದೀರಾ?”

ಮಾಲೀಕ ಬಾಯಿಗೆ ಒಯ್ಯುತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟ. ನೀರಿನ ಮೇಲೆ ತೆಳ್ಳಗೆ ಬಿಳಿ ಧೂಳಿನ ಕೆನೆ ಕಟ್ಟಿತ್ತು.

“ಕೊಯ್ಯೋ ಮಿಷನ್ನಿಗೆ ನೀರಿನ ಪೈಪ್ ಕೊಟ್ಟಿದ್ದೀನಮ್ಮ. ಇವರೇ ನಲ್ಲಿ ನಿಲ್ಲಿಸಿಬಿಡ್ತಾರೆ.”

“ಹೌದೇನೋ?”

“ನೀರು ಬಿಟ್ರೆ ಚಾಕ್‌ಪೀಸಿನ ಗೆರೆ ಅಳಿಸಿ ಹೋಗುತ್ತೆ ಅಕ್ಕಾ. ಕೂದಲೆಳೆ ಆಚೀಚೆ ಆದ್ರೂ ಕಲ್ಲು ದಂಡ. ಅದಕ್ಕೆ...”

“ಗೆರೆ ಉಳಿಸೋಕೆ ಹೋಗಿ ಉಸಿರು ಕಳ್ಕೊಂಡ್ರಿ! ಮಕ್ಕಳು ಬಣ್ಣ ಹಚ್ಚೋ ಮೇಣದ ಕಡ್ಡೀಲಿ ಗೆರೆ ಹಾಕ್ರೋ, ನೀರಿಗೆ ಅಳಿಸಲ್ಲ.”

ಅಂದೇ ಒಂದು ಕಡ್ಡಿ ತಂದು ಗೆರೆ ಎಳೆದು ನೀರು ಬಿಟ್ಟು ನೋಡಿದರು. ಗೆರೆ ಅಲ್ಲೇ ಇತ್ತು.

ಮಾಲೀಕ ರಾತ್ರೋರಾತ್ರಿ ಧರ್ಮಾತ್ಮನಾದ ಎಂದೇನೂ ಅಲ್ಲ. ಅವನಿಗೂ ಭಯ ಹತ್ತಿತ್ತು. ತಾನೂ ಸೇರಿ ಎಲ್ಲರಿಗೂ ಎಕ್ಸ್‌ರೇ ಮಾಡಿಸಿದ. ಇನ್ನೂ ಇಬ್ಬರು ಕೆಲಸಗಾರರ ಎದೆಯಲ್ಲಿ ಅದೇ ಚುಕ್ಕೆಗಳು ಕಂಡವು. ಅವರಿಗೆ ಕೆಮ್ಮೂ ಇರಲಿಲ್ಲ! ಅವರನ್ನೂ ಸಿಳ್ಳೆಯನ್ನೂ ಶೆಡ್ಡಿನಿಂದ ಹೊರಗಿನ ಕೆಲಸಕ್ಕೆ ಹಾಕಿದ. ಗಿರಾಕಿಗಳ ಮನೆಗೆ ಹೋಗಿ ಅಳತೆ ತರುವುದು, ಆರ್ಡರ್ ಹಿಡಿಯುವುದು. ಸಂಬಳ ಮೊದಲಿನದೇ.

ಕಲ್ಲು, ಟೈಲ್ಸ್, ಕಾಂಕ್ರೀಟು ಕೊಯ್ಯುವ ಅಣ್ಣತಮ್ಮಂದಿರೇ, ಅವರ ಬಟ್ಟೆ ಒಗೆಯುವ ಅಕ್ಕತಂಗಿಯರೇ, ಈ ಮಾತು ನಿಮಗೇ. ನೀರು ಬಿಡದೆ ಕಲ್ಲು ಕೊಯ್ಯಬೇಡಿ. ನೀರಿನ ಜೊತೆ ಬಳಸುವುದಕ್ಕೆಂದೇ ಮಾಡಿದ ಮಿಷನ್ ಇರಲಿ, ಶಾಕ್ ತಡೆಯುವ ಸ್ವಿಚ್ ಇರಲಿ. ಗಾಳಿ ಪೈಪನ್ನು ಮೈಗೆ ಹಿಡಿಯಬೇಡಿ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಕರ್ಚೀಫ್ ಕಟ್ಟಿದರೆ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್ ಕೇಳಿ ಪಡೆಯಿರಿ. ಕೆಲಸದ ಬಟ್ಟೆಯನ್ನು ಅಲ್ಲೇ ಬದಲಾಯಿಸಿ, ಮನೆಗೆ ತಂದು ಒದರಬೇಡಿ. ಮಾಲೀಕರೇ, ಇದನ್ನೆಲ್ಲ ಒದಗಿಸುವ ಹೊಣೆ ನಿಮ್ಮದು. ನೀವು ಕೂತಿರುವುದೂ ಅದೇ ಗಾಳಿಯಲ್ಲಿ.

ಕೆಮ್ಮು ಬರಲಿ ಎಂದು ಕಾಯಬೇಡಿ, ಡಾಕ್ಟರಿಗೆ ಎದೆ ತೋರಿಸಿ. ಭಯವಾಗುತ್ತದೆಯೇ? ಆಗಲಿ, ಭಯಪಟ್ಟುಕೊಂಡೇ ಹೋಗಿ. ಆಸ್ಪತ್ರೆಯ ತನಕ ಸ್ವಂತ ಕಾಲಲ್ಲಿ ನಡೆದು ಹೋಗುವಷ್ಟು ಉಸಿರು ಇರುವಾಗಲೇ ಹೋಗಿ.