ಗೇಟಿನ ಫೀಸು

"ಫೀಸು ಕುದುರೆ ನೋಡೋದಕ್ಕೋ, ಗೇಟು ದಾಟೋದಕ್ಕೋ? ಅದನ್ನ ಮೊದ್ಲು ಹೇಳಮ್ಮ," ಎಂದು ಅಕ್ಕ ಫೋನನ್ನು ಕಿವಿಯಿಂದ ಬಾಯಿಯ ಹತ್ತಿರ ತಂದುಕೊಂಡು ಕೇಳಿದಳು.

ಆ ಕಡೆ ಕುದುರೆ ಡಾಕ್ಟರ ಆಫೀಸಿನ ಹುಡುಗಿ ಮೂರನೆಯ ಸಲ ಅದೇ ಪಾಠ ಒಪ್ಪಿಸಿದಳು. ಡಾಕ್ಟರು ಮನೆಗೆ ಬಂದರೆ ವಿಸಿಟ್ ಫೀಸು ಇಷ್ಟು, ಅದೇ ದಿನ ಬರಬೇಕೆಂದರೆ ಅದರ ಎರಡರಷ್ಟು, ಪರೀಕ್ಷೆಗೆ ಬೇರೆ, ಔಷಧಿಗೆ ಬೇರೆ, ಅರ್ಧ ದುಡ್ಡು ಮುಂಗಡ. ಅಂದರೆ ಅಕ್ಕ ಮತ್ತು ತಮ್ಮ ಇಬ್ಬರೂ ಸೇರಿ ಕೆರೆಯ ಸುತ್ತ ಹದಿನೈದು ದಿನ ಸಾರೋಟು ಓಡಿಸಿ ದುಡಿದದ್ದು ಡಾಕ್ಟರ ಕಾರು ಗೇಟು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಡಾಕ್ಟರಮ್ಮ ಇನ್ನೂ ಕಾರಿನಿಂದ ಕಾಲು ಕೆಳಗಿಟ್ಟಿರುವುದಿಲ್ಲ. ಸುತ್ತಮುತ್ತ ಕುದುರೆಗೆಂದು ಇರುವ ಡಾಕ್ಟರು ಅವರೊಬ್ಬರೇ ಆದ್ದರಿಂದ ಬೇರೆಯವರನ್ನು ಕೇಳುವ ಹಾಗೂ ಇಲ್ಲ.

"ಸರಿ, ಬರೋದು ಬೇಡ. ಒಂದು ಮಾತು ಹೇಳು ಸಾಕು. ಕುದುರೆ ಕಾಳು ತಿಂದು ಹೊಟ್ಟೆ ಕೆಡಿಸ್ಕೊಂಡಿದೆ. ನಡೆಸಬಹುದೋ ಬೇಡವೋ ಅಂತ ಡಾಕ್ಟ್ರನ್ನ ಕೇಳಿ ಹೇಳು."

ಫೋನಿನಲ್ಲಿ ಸಲಹೆ ಕೊಡುವಂತಿಲ್ಲ, ಅದು ನಿಯಮ ಎಂದಳು ಹುಡುಗಿ. ಅಕ್ಕನ ಉಸಿರು ಬಿಸಿಯಾದದ್ದು ಆ ಕಡೆಗೂ ತಿಳಿಯಿತೋ ಏನೋ, ಅವಳು ದನಿ ತಗ್ಗಿಸಿದಳು. ಇವತ್ತು ಹನ್ನೊಂದು ಗಂಟೆಗೆ ಡಾಕ್ಟರು ರೈಡಿಂಗ್ ಕ್ಲಬ್ಬಿಗೆ ಹೋಗುತ್ತಾರೆ, ಅಲ್ಲಿಗೇ ಕುದುರೆ ಕರೆದುಕೊಂಡು ಹೋದರೆ ವಿಸಿಟ್ ಫೀಸು ಬೀಳುವುದಿಲ್ಲ, ತಾನು ಹೇಳಿದೆನೆಂದು ಮಾತ್ರ ಹೇಳಬೇಡಿ ಎಂದಳು. ಪಾಪ, ಒಳ್ಳೆಯ ಹುಡುಗಿ.

ಅಕ್ಕ ಫೋನಿಟ್ಟು ಅಂಗಳಕ್ಕೆ ಬಂದಳು. ಲಾಯದ ಮುಂದೆ ಕಂದು ಬಣ್ಣದ ಹೆಣ್ಣು ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತಿತ್ತು. ಕುತ್ತಿಗೆ ಬೆವತಿತ್ತು. ಅದನ್ನು ಮನೆಯಲ್ಲಿ ಯಜಮಾನಿ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಈ ಮನೆಯ ಒಲೆ ಉರಿಯುತ್ತಿದ್ದದ್ದು ಅವಳ ದುಡಿಮೆಯಿಂದ. ಅಕ್ಕ ಮದುವೆಯಾಗಲಿಲ್ಲ, ತಮ್ಮನಿಗೆ ಮದುವೆಯಾಗಿ ಉಳಿಯಲಿಲ್ಲ. ಹೀಗಾಗಿ ಇಬ್ಬರೂ ಸೇರಿ ಮುದ್ದು ಮಾಡುವುದಕ್ಕೂ ಬೈಯುವುದಕ್ಕೂ ಇದ್ದವಳು ಅವಳೊಬ್ಬಳೇ.

ಮೊನ್ನೆ ತಮ್ಮ ಉಗ್ರಾಣದ ಚಿಲಕ ಹಾಕದೆ ಮಲಗಿದ್ದ. ಯಜಮಾನಿ ಒಳಗೆ ಹೋಗಿ ಅರ್ಧ ಮೂಟೆ ಕಾಳು ಮುಗಿಸಿದ್ದಳು. ನಿನ್ನೆ ಸ್ವಲ್ಪ ಮಂಕಾಗಿದ್ದಳು, ಆದರೂ ಮೂರು ಸವಾರಿ ಮುಗಿಸಿದಳು. ಇವತ್ತು ಬೆಳಿಗ್ಗೆ ಕಾಲು ಕೀಳಲು ಒಲ್ಲೆ ಎಂದಳು. ತಮ್ಮ ಎದ್ದವನೇ ಮಾಡಿದ ಮೊದಲ ಕೆಲಸ ಉಗ್ರಾಣಕ್ಕೆ ಹೊಸ ಬೀಗ ಹಾಕಿದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಅಕ್ಕ ಅವನಿಗೆ ಕೇಳುವಂತೆಯೇ ಗೊಣಗಿದ್ದಳು.

ಈಗ ಅವನು ಹಗ್ಗ ಹಿಡಿದುಕೊಂಡೇ, ಎಷ್ಟಾದರೂ ಆಗಲಿ, ಡಾಕ್ಟರನ್ನು ಮನೆಗೇ ಕರೆಸೋಣ, ಇವಳ ನಿಲುವು ಯಾಕೋ ನನಗೆ ಸರಿಬರುತ್ತಿಲ್ಲ ಎಂದ.

"ಚಿಲಕ ಹಾಕೋಕೆ ಬರದವನು ನನಗೆ ಬುದ್ಧಿ ಹೇಳ್ತೀಯಾ? ಹೊಟ್ಟೆನೋವು ಬಂದ ಕುದುರೆನ ನಡೆಸಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದು ಮರೆತುಹೋಯ್ತಾ? ಎರಡು ಮೈಲಿ ನಡೀಲಿ, ಹೊಟ್ಟೆನೂ ಸಡಿಲ ಆಗುತ್ತೆ, ಡಾಕ್ಟ್ರೂ ಸಿಗ್ತಾರೆ."

ಕಡ್ಡಿ ಮುರಿದಂತೆ ಹೇಳಿ ಅವಳು ಚಪ್ಪಲಿ ಮೆಟ್ಟಿದಳು. ನಡೆಸುವುದೇ ಔಷಧಿ, ಔಷಧಿಯ ಕೊನೆಗೆ ಬಿಟ್ಟಿಯಾಗಿ ಡಾಕ್ಟರು. ತನ್ನ ಜಾಣತನಕ್ಕೆ ಅವಳಿಗೇ ಒಳಗೊಳಗೆ ಹಿಗ್ಗಾಯಿತು. ಆ ಗೇಟಿನ ಫೀಸನ್ನು ಈ ಜನ್ಮದಲ್ಲಿ ಕೊಡುವವಳಲ್ಲ ಅವಳು.

ದಾರಿಗೆ ಬಿದ್ದ ಮೇಲೆ ಯಜಮಾನಿ ಒಂದೊಂದು ಹೆಜ್ಜೆಗೂ ಕೆಂಡ ತುಳಿದವಳ ಹಾಗೆ ಕಾಲು ಎತ್ತಿಕೊಳ್ಳುತ್ತಿದ್ದಳು. ಡಾಂಬರು ರಸ್ತೆಯ ಮೇಲೆ ಲಾಳದ ಸದ್ದು ಎಂದಿನಂತೆ ಕೇಳಲಿಲ್ಲ, ಟಕ್ ಎಂದು ಒಂದು, ಆಮೇಲೆ ಬಹಳ ಹೊತ್ತಿಗೆ ಇನ್ನೊಂದು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿಕೊಂಡೇ, ಕುದುರೆ ಕುಂಟುತ್ತಿದೆಯಲ್ಲ ಎಂದ. ನಿನ್ನ ಟೈರು ನೀನು ನೋಡಿಕೋ ಎಂದಳು ಅಕ್ಕ.

ಶಾಲೆಯ ಕಾಂಪೌಂಡು ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಒಂದಷ್ಟು ಹುಲ್ಲು ಇತ್ತು. ಯಜಮಾನಿ ತಾನಾಗಿ ಅತ್ತ ಸರಿದು ಹುಲ್ಲಿನ ಮೇಲೆ ನಿಂತಳು. ಬಾಯಿ ಹಾಕಲಿಲ್ಲ. ಸುಮ್ಮನೆ ನಿಂತಳು. ತಮ್ಮ ಹಗ್ಗ ಸಡಿಲ ಬಿಟ್ಟ.

"ಅಕ್ಕ, ಇಲ್ಲೇ ಇರ್ಲಿ ಬಿಡು. ನಾನು ಓಡಿಹೋಗಿ ಡಾಕ್ಟ್ರನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ."

ಅವರು ಇಲ್ಲಿಗೆ ಬಂದರೆ ಅದೂ ವಿಸಿಟ್ಟೇ ಆಗುವುದಿಲ್ಲವೇ, ರಸ್ತೆಗೆ ಗೇಟಿಲ್ಲ ಎಂದು ಬಿಟ್ಟುಬಿಡುತ್ತಾರೆಯೇ ಎಂದಳು ಅಕ್ಕ. ಅರ್ಧ ದಾರಿ ಬಂದಾಗಿತ್ತು, ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಅವಳು ಬೇಲಿಯಿಂದ ಒಂದು ಬರಲು ಕಡ್ಡಿ ಮುರಿದು ಯಜಮಾನಿಯ ತೊಡೆಗೆ ಎರಡೇಟು ಹಾಕಿದಳು. ಹನ್ನೊಂದು ವರ್ಷದಲ್ಲಿ ಅವಳಿಗೆ ಅಕ್ಕ ಹೊಡೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಕುದುರೆ ಒಮ್ಮೆ ತಿರುಗಿ ನೋಡಿತು, ಆಮೇಲೆ ಡಾಂಬರಿಗೆ ಇಳಿಯಿತು.

ಕ್ಲಬ್ಬಿನ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. ಮೆಂಬರುಗಳ ಕುದುರೆಗಳಿಗೆ ಮಾತ್ರ ಪ್ರವೇಶ, ಹೊರಗಿನ ಕುದುರೆ ಬಂದರೆ ರೋಗ ಅಂಟುತ್ತದೆ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಕ್ಕ ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದಳು. ನಿಮ್ಮ ಕುದುರೆಗಳಿಗೆ ಏರ್‌ಕೂಲರು, ನಮ್ಮ ಕುದುರೆಗೆ ಗೇಟಿನ ಹೊರಗೆ ಬಿಸಿಲು ಎಂದಳು. ಅವನ ಸಂಬಳವನ್ನೂ ಮೀಸೆಯನ್ನೂ ಬಿಡಲಿಲ್ಲ. ಗಲಾಟೆಗೆ ಒಳಗಿನಿಂದ ನಾಲ್ಕಾರು ಜನ ಬಂದರು, ಅವರ ಹಿಂದೆ ಕೈಗವಸು ಹಾಕಿಕೊಂಡ ಡಾಕ್ಟರು.

ಡಾಕ್ಟರು ಅಕ್ಕನನ್ನು ನೋಡಲೇ ಇಲ್ಲ. ದೂರದಿಂದ ಕುದುರೆ ನಿಂತಿದ್ದ ರೀತಿ ನೋಡಿದವರೇ ಓಡಿಬಂದರು.

"ಅಲ್ಲೇ ನಿಲ್ಸಿ. ಇನ್ನೊಂದು ಹೆಜ್ಜೆನೂ ಇಡಿಸಬೇಡಿ."

ಅವರು ಕುಕ್ಕರುಗಾಲಿನಲ್ಲಿ ಕುಳಿತು ಮುಂಗಾಲಿನ ಗೊರಸಿನ ಮೇಲೆ ಅಂಗೈ ಇಟ್ಟರು. ಗೊರಸಿನ ಮೇಲ್ಗಡೆ, ಕೂದಲು ಶುರುವಾಗುವ ಜಾಗದಲ್ಲಿ, ಬೆರಳು ಒತ್ತಿದರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಕೆರೆಯ ಆಚೆಯಿಂದ ಎಂದ ತಮ್ಮ. ಯಾವ ಗಾಡಿಯಲ್ಲಿ ಎಂದು ಕೇಳಿದರು. ಅವನು ಅಕ್ಕನ ಮುಖ ನೋಡಿದ.

"ನಡೆಸ್ಕೊಂಡು ಬಂದ್ವಿ. ಹೊಟ್ಟೆನೋವಿಗೆ ನಡೆಸಬೇಕಲ್ವಾ?" ಎಂದಳು ಅಕ್ಕ.

"ಹೊಟ್ಟೆ ಅಲ್ಲಮ್ಮ. ಗೊರಸು."

ಕಾಳು ಹೆಚ್ಚಾದರೆ ಹೊಟ್ಟೆಯ ವಿಷ ರಕ್ತಕ್ಕಿಳಿದು ಗೊರಸಿನೊಳಗೆ ಉರಿ ಹತ್ತುತ್ತದೆ ಎಂದು ಡಾಕ್ಟರು ವಿವರಿಸಿದರು. ಬೆರಳಿಗೆ ಉಗುರು ಅಂಟಿಕೊಂಡಿರುವ ಹಾಗೆ ಗೊರಸಿನೊಳಗೆ ಮೂಳೆ ಅಂಟಿಕೊಂಡಿರುತ್ತದೆ. ಉರಿ ಹತ್ತಿದಾಗ ಆ ಅಂಟು ಸಡಿಲವಾಗುತ್ತದೆ. ಆಗ ಒಂದೊಂದು ಹೆಜ್ಜೆಯೂ ಅದನ್ನು ಹರಿಯುತ್ತ ಹೋಗುತ್ತದೆ, ಕುದುರೆಯ ಭಾರಕ್ಕೆ ಮೂಳೆ ಕೆಳಗಿಳಿಯುತ್ತದೆ. ಅವರು ಅಕ್ಕನ ಕೈಹಿಡಿದು ಬೆರಳನ್ನು ಗೊರಸಿನ ಮೇಲೆ ಇಡಿಸಿದರು. ಗೊರಸು ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಪಾತ್ರೆಯಷ್ಟು ಬಿಸಿಯಾಗಿತ್ತು. ಮೇಲಿನ ಅಂಚಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅಕ್ಕನ ಬೆರಳು ಅದರೊಳಗೆ ಇಳಿಯಿತು.

ಕ್ಲಬ್ಬಿನ ಕುದುರೆಗಳಿಗೆಂದು ತಂದಿದ್ದ ಎಕ್ಸ್‌ರೇ ಪೆಟ್ಟಿಗೆಯನ್ನು ಗೇಟಿನ ಹತ್ತಿರಕ್ಕೇ ತರಿಸಿದರು. ಚಿತ್ರವನ್ನು ಎರಡೆರಡು ಸಲ ನೋಡಿದರು. ನಿನ್ನೆಯೇ ಶುರುವಾಗಿರಬೇಕು, ಬೆಳಿಗ್ಗೆ ಮೆತ್ತಗಿನ ನೆಲದ ಮೇಲೆ ನಿಲ್ಲಿಸಿ ಗೊರಸಿಗೆ ಐಸ್ ಕಟ್ಟಿದ್ದರೆ ಒಂದು ದಾರಿಯಿತ್ತು ಎಂದರು. ಈಗ ಎರಡೂ ಮುಂಗಾಲಿನ ಮೂಳೆ ಅಂಗಾಲಿನವರೆಗೆ ಇಳಿದಿದೆ.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅಳು ಬರಬೇಕಾದ ಕಡೆಯೆಲ್ಲ ಅವಳಿಗೆ ಸಿಟ್ಟೇ ಬರುವುದು, ಚಿಕ್ಕಂದಿನಿಂದಲೂ ಹಾಗೆ.

"ಬೆಳಿಗ್ಗೆ ಫೋನ್ ಮಾಡಿ ಇದನ್ನೇ ಕೇಳಿದೆ ನಾನು. ನಡೆಸಬಹುದೋ ಬೇಡವೋ, ಒಂದೇ ಮಾತು ಹೇಳಿ ಅಂತ ಕೇಳಿದೆ. ಬೇಡ ಅನ್ನೋಕೆ ಎಷ್ಟು ಖರ್ಚಾಗ್ತಿತ್ತು ನಿಮಗೆ?"

ಡಾಕ್ಟರಿಗೂ ಸಿಟ್ಟು ಬಂತು. ಆಫೀಸಿನ ಹುಡುಗಿ ಡಾಕ್ಟರಲ್ಲ, ಹೋದ ವರ್ಷ ಫೋನಿನಲ್ಲಿ ಹೇಳಿದ ಮಾತನ್ನು ಯಾರೋ ತಪ್ಪು ತಿಳಿದು ಕುದುರೆ ಕಳೆದುಕೊಂಡು ತನ್ನನ್ನು ಕೋರ್ಟಿಗೆ ಎಳೆದಿದ್ದಾರೆ ಎಂದರು. ಒಂದು ಕುದುರೆ ನೋಡಲು ಒಂದೂವರೆ ಗಂಟೆ ಕಾರು ಓಡಿಸುತ್ತೇನೆ, ಪೆಟ್ರೋಲು ಯಾರೂ ಬಿಟ್ಟಿ ಹಾಕುವುದಿಲ್ಲ ಎಂದರು. ಆಮೇಲೆ ದನಿ ಇಳಿಸಿ ಹೇಳಿದರು:

"ದುಡ್ಡು ಆಮೇಲೆ ಕೊಡ್ತೀನಿ ಅಂದಿದ್ರೂ ನಾನು ಬಂದಿರ್ತಿದ್ದೆ."

"ಹಾಗಂತ ಎಲ್ಲಾದ್ರೂ ಬೋರ್ಡ್ ಹಾಕಿದ್ದೀರಾ?"

ಡಾಕ್ಟರು ಬಗ್ಗಿ ಎಕ್ಸ್‌ರೇ ಪೆಟ್ಟಿಗೆ ಮುಚ್ಚತೊಡಗಿದರು. ಗೆದ್ದ ಮಾತು ಅಕ್ಕನ ಬಾಯಲ್ಲಿ ಕಹಿಯಾಗಿ ಉಳಿಯಿತು. ಕಾವಲುಗಾರ, ಕ್ಲಬ್ಬಿನವರು, ಡಾಕ್ಟರು, ಫೋನಿನ ಹುಡುಗಿ, ಚಿಲಕ ಹಾಕದ ತಮ್ಮ, ಎಲ್ಲರ ಮೇಲೂ ಅವಳು ಇನ್ನೂ ಒಂದು ಸುತ್ತು ಹರಿಹಾಯಬಹುದಿತ್ತು. ಆದರೆ ಕೈಯಲ್ಲಿ ಆ ಬರಲು ಇನ್ನೂ ಇತ್ತು. ಅದನ್ನು ಅಲ್ಲಿಯವರೆಗೂ ಹಿಡಿದುಕೊಂಡು ಬಂದಿದ್ದಳು.

ಡಾಕ್ಟರು ಇಬ್ಬರನ್ನೂ ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರು. ತಿಂಗಳುಗಟ್ಟಲೆ ಔಷಧಿ ಕೊಟ್ಟು ನೋಡಬಹುದು, ಆದರೆ ಮೂಳೆ ಅಂಗಾಲನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಉಳಿಯುತ್ತದೆ ಎಂದು ಸುಳ್ಳು ಹೇಳಲು ತನಗೆ ಬರುವುದಿಲ್ಲ. ನೋವಿಗೆ ಈಗ ಇಂಜೆಕ್ಷನ್ ಕೊಟ್ಟಿದ್ದೇನೆ, ಇನ್ನೊಂದು ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೇ ಅವಳಿಗೆ ಮಾಡುವ ಉಪಕಾರ ಎಂದರು.

ತಮ್ಮ ಬೈಯುತ್ತಾನೆ ಎಂದು ಅಕ್ಕ ಕಾದಳು. ಬೈಯಲಿ ಎಂದೇ ಕಾದಳು. ಹುಲ್ಲಿನ ಹತ್ತಿರ ನಾನು ಹೇಳಲಿಲ್ಲವೇ ಎಂದು ಅವನು ಕೇಳಿದ್ದರೆ ಚಿಲಕದ ಮಾತು ತೆಗೆದು ಅವನ ಬಾಯಿ ಮುಚ್ಚಿಸಬಹುದಿತ್ತು. ಅವನು ಯಜಮಾನಿಯ ಕಿವಿಯ ಹಿಂದೆ ಕೆರೆಯುತ್ತಾ ನಿಂತಿದ್ದ.

"ಏನ್ಮಾಡೋಣ, ಹೇಳೋ," ಎಂದಳು.

"ನೀನೇ ಹೇಳಕ್ಕ. ಯಾವತ್ತೂ ನೀನೇ ಅಲ್ವಾ ಹೇಳೋದು."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳಬಹುದಿತ್ತು.

ಅಕ್ಕ ಡಾಕ್ಟರ ಕಡೆ ತಿರುಗಿ ತಲೆಯಾಡಿಸಿದಳು. ಡಾಕ್ಟರು ಮೆಲ್ಲಗೆ, ಫೀಸಿನ ಚಿಂತೆ ಮಾಡಬೇಡಿ, ಕ್ಲಬ್ಬಿಗೆ ಹೇಗೂ ಬಂದಿದ್ದೆ, ಇವತ್ತು ನಿಮಗೆ ವಿಸಿಟ್ ಫೀಸಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಗೇಟಿನ ಸಿಮೆಂಟಿನ ಮೇಲೆ ಕುದುರೆಯನ್ನು ಕೆಡಹುವಂತಿರಲಿಲ್ಲ. ಸವಾರಿ ಕಲಿಸುವ ಮರಳಿನ ಅಂಗಳ ಒಳಗೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ಅಲ್ಲಿಯವರೆಗೆ ಅವಳೇ ನಡೆಯಬೇಕು, ಬೇರೆ ದಾರಿಯಿಲ್ಲ, ಇಂಜೆಕ್ಷನ್ ಕೊಟ್ಟಿದ್ದರೂ ನೋಯುತ್ತದೆ ಎಂದರು ಡಾಕ್ಟರು.

ಅಕ್ಕ ಬರಲನ್ನು ಎಸೆದು ಗೇಟು ದಾಟಿ ಒಳಗೆ ಹೋದಳು. ಕಾವಲುಗಾರ ತಡೆಯಲಿಲ್ಲ. ಅಂಗಳದ ಸುತ್ತಲಿನ ಕಟಾಂಜನದ ಮೇಲೆ ಜೀನಿನ ಕೆಳಗೆ ಹಾಕುವ ದಪ್ಪ ಮೆತ್ತೆಗಳನ್ನು ಸಾಲಾಗಿ ಒಣಹಾಕಿದ್ದರು, ಬಿಳಿಯವು, ನೀಲಿಯವು, ಅಂಚಿಗೆ ಕಸೂತಿ ಹಾಕಿದವು. ಅವಳು ತೋಳ್ತುಂಬ ಬಾಚಿಕೊಂಡಳು. ಅದು ನಮ್ಮದು ಎಂದು ಬೂಟು ಹಾಕಿದ ಒಬ್ಬ ಹೆಂಗಸು ಅಂದಳು. ಅಕ್ಕ ಅವಳ ಮುಖವನ್ನು ಒಂದು ಸಲ ನೋಡಿದಳು. ಹೆಂಗಸು ಉಳಿದ ಎರಡು ಮೆತ್ತೆಗಳನ್ನೂ ತಾನೇ ತೆಗೆದುಕೊಟ್ಟಳು.

ಯಜಮಾನಿಯ ಮುಂದೆ ಒಂದು ಮೆತ್ತೆಯ ಮೇಲೆ ಇನ್ನೊಂದು ಹಾಸಿದರು. ಅವಳು ಒಂದು ಕಾಲಿಟ್ಟಳು, ನಡುಗಿದಳು, ಇನ್ನೊಂದು ಇಟ್ಟಳು. ದಾಟಿದ ಮೆತ್ತೆಗಳನ್ನು ತಮ್ಮ ಹಿಂದಿನಿಂದ ಎತ್ತಿ ಅಕ್ಕನ ಕೈಗೆ ಕೊಡುತ್ತಿದ್ದ, ಅಕ್ಕ ಮುಂದಕ್ಕೆ ಹಾಸುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ. ಡಾಕ್ಟರ ಫೋನು ಎರಡು ಸಲ ಹೊಡೆದುಕೊಂಡಿತು, ಅವರು ಎತ್ತಲಿಲ್ಲ. ಹದಿನೈದು ಹೆಜ್ಜೆಗೆ ಅರ್ಧ ಗಂಟೆ ಹಿಡಿಯುವಂತಿತ್ತು.

ಮರಳು ಇನ್ನು ನಾಲ್ಕು ಹೆಜ್ಜೆ ಇತ್ತು. ಅಕ್ಕ ನೆಲಕ್ಕೆ ಮೊಣಕಾಲೂರಿ ಮೆತ್ತೆಯ ಸುಕ್ಕನ್ನು ಅಂಗೈಯಿಂದ ತೀಡಿ ಸರಿಮಾಡಿದಳು. ಮೂಲೆಯಲ್ಲಿ ಒಂದು ಕಲ್ಲಿನ ಹರಳು ಸಿಕ್ಕಿತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ಬಾರೇ," ಎಂದಳು.

ಯಜಮಾನಿ ಕಾಲು ಎತ್ತಿದಳು.