ಬಾವಿಯೊಳಗಿನ ಆಲೂಗಡ್ಡೆ ಅಜ್ಜಿ

ದೂರು ಒಂದೇ ಸಾಲಿನದಾಗಿತ್ತು: "ನಮ್ಮ ಅಜ್ಜಿ ಬಾವಿಗೆ ಬಿದ್ದಿದ್ದಾರೆ, ದಯವಿಟ್ಟು ಹೊರಗೆ ತೆಗೆಯಿರಿ."

ಇಮ್ ದಾಸೊಲ್‌ಳ ಕೈ ಫೋನಿನ ಕಡೆ ಹೋಯಿತು. ಇನ್ನೊಮ್ಮೆ ಓದಿದಾಗ ಅದು ಆಟದೊಳಗಿನ ಬಾವಿ ಎಂದು ತಿಳಿದು ಉಸಿರು ಬಿಟ್ಟಳು.

ಕಂಪ್ಯೂಟರ್ ಕಂಪನಿಗಳೇ ತುಂಬಿದ ಪಾಂಗ್ಯೋದ ಒಂದು ಗಾಜಿನ ಕಟ್ಟಡದಲ್ಲಿ ದಾಸೊಲ್ ನೋಡಿಕೊಳ್ಳುತ್ತಿದ್ದ ಆಟದ ಹೆಸರು 'ಒಂಬತ್ತು ಬೆಟ್ಟ'. ದೇಶದ ಮೂಲೆಮೂಲೆಯ ಜನ ತಂತಮ್ಮ ಕಂಪ್ಯೂಟರಿನ ಮುಂದೆ ಕೂತು, ಒಂದೇ ಲೋಕದಲ್ಲಿ ಕತ್ತಿ ಹಿಡಿದು ತಿರುಗುವ, ಹುಲಿ ಬೇಟೆಯಾಡುವ ಆನ್‌ಲೈನ್ ಆಟ. ಒಂದು ಕಾಲದಲ್ಲಿ ಅದಕ್ಕಾಗಿ ಇಡೀ ಮಹಡಿಯೇ ದುಡಿಯುತ್ತಿತ್ತಂತೆ. ಈಗ ಎಲ್ಲರೂ ಹೊಸ ಆಟಗಳ ಕಡೆ ಹೋಗಿ, ಹಳೆಯದಕ್ಕೆ ಕಿಟಕಿ ಪಕ್ಕದ ಕೆಲವು ಮೇಜುಗಳಷ್ಟೇ ಉಳಿದಿದ್ದವು. ಸೋರುವ ಮನೆಗೆ ಹೆಂಚು ಸರಿಸಿಡುವ ಹಾಗೆ, ಕೆಟ್ಟದ್ದನ್ನು ಕೆಟ್ಟಷ್ಟೇ ರಿಪೇರಿ ಮಾಡುವುದು ಅವಳ ಕೆಲಸ. ಅದು ಅವಳಿಗೆ ಹಿತವಾಗಿಯೇ ಇತ್ತು. ಹಿಂದಿನ ಚಳಿಗಾಲದಲ್ಲಿ ಗಂಡನಿಂದ ಬೇರೆಯಾಗಿ ಒಂದು ಕೋಣೆಯ ಮನೆಗೆ ಬಂದಿದ್ದಳು. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಾತಿಲ್ಲದೆ ಮಾಡಬಹುದಾದ ಕೆಲಸವಿರುವುದೇ ಪುಣ್ಯ ಅಂದುಕೊಂಡಿದ್ದಳು.

ಬಾವಿಯ ತೊಂದರೆ ಏನೆಂದು ಹುಡುಕುವುದು ಕಷ್ಟವಾಗಲಿಲ್ಲ. ಯಾವುದೋ ರಿಪೇರಿಯ ಗಡಿಬಿಡಿಯಲ್ಲಿ ಬಾವಿಕಟ್ಟೆಯ ಒಂದು ಕಲ್ಲು ಕಣ್ಣಿಗೆ ಕಂಡರೂ ಕಾಲಿಗೆ ಸಿಗದಂತಾಗಿತ್ತು. ಆ ಕಡೆಯಿಂದ ಹೋದವರು ಸೀದಾ ಒಳಗೆ. ಮೇಲೆ ಬರಲು 'ಊರಿಗೆ ಮರಳು' ಎಂಬ ಗುಂಡಿಯನ್ನು ಒತ್ತಬೇಕು. ಆದರೆ ಬಾವಿ ಇದ್ದದ್ದೇ ಊರ ನಡುವೆ. ಒತ್ತಿದಾಗಲೆಲ್ಲ ಆಟ 'ನೀವು ಊರಲ್ಲೇ ಇದ್ದೀರಿ' ಎನ್ನುತ್ತಿತ್ತು.

ಕಣ್ಣಾರೆ ನೋಡೋಣವೆಂದು ದಾಸೊಲ್ ಮಧ್ಯಾಹ್ನದ ಬಿಡುವಿನಲ್ಲಿ ಸಾಮಾನ್ಯ ಆಟಗಾರ್ತಿಯ ವೇಷದಲ್ಲಿ ಆಟದೊಳಗೆ ಹೋದಳು. ಬಾವಿಯ ಸುತ್ತ ಜನ ಕೂತಿದ್ದರು. ಮೈತುಂಬ ಕಬ್ಬಿಣದ ಕವಚ ತೊಟ್ಟ ಒಬ್ಬ ಯೋಧ, ನರಿಕಿವಿಯ ಒಬ್ಬ ಹುಡುಗಿ, ಇನ್ನೂ ಕೆಲವರು. ಯಾರೂ ಏನೂ ಮಾಡುತ್ತಿರಲಿಲ್ಲ. ಏನಾಗಿದೆ ಎಂದು ಕೇಳಿದರೆ, ಅಜ್ಜಿ ಉತ್ತರ ಬರೆಯುತ್ತಿರಬೇಕು, ಸ್ವಲ್ಪ ತಡಿ ಎಂದ ಯೋಧ.

ತುಂಬ ಹೊತ್ತಿನ ಮೇಲೆ ಬಾವಿಯೊಳಗಿಂದ ಒಂದು ಸಾಲು ಮೂಡಿತು.

"ಯಾರೋ ಹೊಸಬ್ರು ಬಂದಂಗದೆ. ಉಂಡ್ಯಾ ಮಗಾ?"

ದಾಸೊಲ್ ಉಂಡಿರಲಿಲ್ಲ. ಮೇಜಿನ ಮೇಲೆ ಅಂಗಡಿಯಿಂದ ತಂದ ಕಿಂಬಾಪ್, ತ್ರಿಕೋನದ ಅನ್ನದ ಪೊಟ್ಟಣ, ಹಾಗೇ ಇತ್ತು. ಇಲ್ಲ ಎಂದು ಬರೆದಳು. ಮತ್ತೆ ಬಹಳ ಹೊತ್ತು ಕಳೆದು, "ಹಂಗಾದ್ರೆ ತಿನ್ಕೊಂಡು ಬಾ. ನಾನೆಲ್ಲಿಗ್ ಹೋಗ್ತೀನಿ?" ಎಂದು ಬಂತು. ಮೇಲಿದ್ದವರೆಲ್ಲ ನಕ್ಕರು.

ಒಳಗಿದ್ದಾಕೆಯ ಹೆಸರು ಹಾಮ್ ಸುನ್‌ಬೊಕ್. ಗಾಂಗ್‌ವೊನ್ ಸೀಮೆಯ ಜೊಂಗ್‌ಸೊನ್‌ನವರು. ಆಲೂಗಡ್ಡೆ ಹೆಚ್ಚು ಬೆಳೆಯುವ ಆ ಸೀಮೆಯವರನ್ನು ಎಲ್ಲರೂ ಆಲೂಗಡ್ಡೆ ಎಂದು ಛೇಡಿಸುವುದರಿಂದ ಆಟದಲ್ಲಿ ಅದೇ ಹೆಸರಿಟ್ಟುಕೊಂಡಿದ್ದರು. ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು. ಬೆರಳಿಗೆ ಕೆಲಸವಾಗಲಿ ಎಂದು ಮಗಳು ಕಂಪ್ಯೂಟರಿನಲ್ಲಿ ಈ ಆಟ ಹಾಕಿಕೊಟ್ಟಿದ್ದಳು. ಎಡಗೈಯ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಬಯಲಿನಲ್ಲಿ ಹುಲಿ ಮೇಲೆರಗುವಾಗ ಯಾರು ಕಾಯುತ್ತಾರೆ? ಅವರು ಒಂದು ಮಾತು ಮುಗಿಸುವುದರೊಳಗೆ ಜೊತೆಗಾರರು ಮುಂದಿನ ಬೆಟ್ಟದಲ್ಲಿರುತ್ತಿದ್ದರು. ಬಾವಿಗೆ ಬಿದ್ದ ಮೇಲೆ ಮಾತ್ರ ಜನ ನಿಂತರು. ಬಗ್ಗಿ ನೋಡಿದರು. ಉತ್ತರಕ್ಕಾಗಿ ಕಾದರು.

"ನಮ್ ಯಜಮಾನ್ರು ಕಲ್ಲಿದ್ದಲ ಗಣಿಗೆ ಇಳೀತಿದ್ರು, ನಾನು ಮೇಲೆ ಕಾಯ್ತಿದ್ದೆ" ಎಂದು ಒಂದು ದಿನ ಅಜ್ಜಿ ಬರೆದರು. "ಅವರು ಹೋದ್ರು. ಈಗ ಪಾಳಿ ನಂದು. ಕೆಳಗಿರೋರಿಗೇ ಆರಾಮ ಅಂತ ಆವಾಗ ಗೊತ್ತಿರ್ಲಿಲ್ಲ."

ದಾಸೊಲ್ ದಿನವೂ ಮಧ್ಯಾಹ್ನ ಹೋಗತೊಡಗಿದಳು. ಹೋಗುವ ಮೊದಲು ಏನಾದರೂ ತಿನ್ನುತ್ತಿದ್ದಳು, ಕೇಳಿದರೆ ಸುಳ್ಳು ಹೇಳಬಾರದಲ್ಲ ಎಂದು. ಯೋಧ ಇಂಚೊನ್‌ನ ಬಸ್ ಡ್ರೈವರ್ ಎಂದು ತಿಳಿಯಿತು. ದೂರು ಬರೆದವನು ಅವನೇ. ಒಮ್ಮೆ ಬೇರೆ ಯಾರೂ ಇಲ್ಲದಿದ್ದಾಗ, ತನಗೇ ಗೊತ್ತಿಲ್ಲದಂತೆ, ತಾನು ಗಂಡನಿಂದ ಬೇರೆಯಾದದ್ದನ್ನು ಬಾವಿಕಟ್ಟೆಯ ಮೇಲೆ ಕೂತು ಬರೆದುಬಿಟ್ಟಳು. ಜಗಳವೇನೂ ಆಗಿರಲಿಲ್ಲ, ಇಬ್ಬರೂ ಸುಮ್ಮನಾಗುತ್ತ ಸುಮ್ಮನಾಗುತ್ತ ಕೊನೆಗೆ ಮನೆಯಲ್ಲಿ ಮಾತೇ ಉಳಿಯಲಿಲ್ಲ ಎಂದಳು.

ಉತ್ತರಕ್ಕೆ ಕಾಯುತ್ತ ಅವಳು ಕಿಟಕಿಯಾಚೆ ನೋಡಿದಳು. ಕೆಳಗೆ ಊಟ ಮುಗಿಸಿದ ಆಫೀಸಿನ ಜನ ಕಾಫಿ ಲೋಟ ಹಿಡಿದು ಗುಂಪುಗುಂಪಾಗಿ ಮರಳುತ್ತಿದ್ದರು.

"ಒಬ್ಳಿಗೇ ಅನ್ನ ಮಾಡೋದ್ ಕಲಿಯಕ್ಕೆ ನಂಗೆ ಎಷ್ಟೋ ಕಾಲ ಹಿಡೀತು" ಎಂದಿತ್ತು ಪರದೆಯ ಮೇಲೆ. "ಅಳತೆ ಕೈಗೇ ಬರ್ತಿರ್ಲಿಲ್ಲ. ಮಾಡಿದ್ದೆಲ್ಲ ಇಬ್ರಿಗಾಗೋದು. ನೀನೂ ಕಲೀತೀಯ. ಮಿಕ್ಕಿದ್ರೆ ಮಾರನೇ ದಿನ ಹುರ್ಕೊಂಡು ತಿನ್ನು, ಚೆಲ್ಬೇಡ."

ದಾಸೊಲ್ ಕೈಚೌಕದಿಂದ ಮೂಗು ಒರೆಸಿಕೊಂಡು, ಶೀತವೆಂಬಂತೆ ಕೆಮ್ಮಿದಳು.

ಕಲ್ಲು ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅವಳು ಇವತ್ತು ನಾಳೆ ಎನ್ನುತ್ತ ಮುಂದೂಡಿದಳು. ಟೀಮ್ ಲೀಡರ್ ಪ್ಯೋ ಈ ಆಟ ಹುಟ್ಟಿದಾಗಿನಿಂದ ಇದ್ದವರು, ಮಾತು ಕಮ್ಮಿ. ಅವರು ಬಂದು ಬಾವಿಯ ವಿಚಾರ ಏನಾಯಿತು ಎಂದು ಕೇಳಿದಾಗ, ಬಿದ್ದವರಿಗೆ ಬೇಸರವೇನೂ ಇಲ್ಲ ಸರ್ ಎಂದಳು.

"ಬೇಸರ ಇಲ್ದೇ ಇರ್ಬಹುದು" ಎಂದರು ಪ್ಯೋ. "ಆದ್ರೆ ಬೇಕಂದಾಗ ಮೇಲ್ ಬರಕ್ಕೆ ಆಗ್ದಿದ್ರೆ ಅದು ಬಾವಿಯಲ್ಲ ದಾಸೊಲ್, ಜೈಲು."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಗುರುವಾರ ಬೆಳಿಗ್ಗೆ, ಎಂದಿನಂತೆ ಆಟ ನಿಲ್ಲಿಸಿ ರಿಪೇರಿ ಮಾಡುವ ಹೊತ್ತಿನಲ್ಲಿ, ಕಲ್ಲು ಗಟ್ಟಿಯಾಯಿತು. ಒಳಗಿದ್ದ ಆಲೂಗಡ್ಡೆ ಅಜ್ಜಿಯನ್ನು ದಾಸೊಲ್ ಎತ್ತಿ ಊರಬಾಗಿಲಲ್ಲಿ ನಿಲ್ಲಿಸಿದಳು.

ಅಂದು ದೊಡ್ಡ ಸಂಭ್ರಮ. ಆಟದೊಳಗೆ ಬಾಣಬಿರುಸು ಹಾರಿಸಿದರು, ನರಿಕಿವಿಯ ಹುಡುಗಿ ಕುಣಿದಳು. ಇಷ್ಟು ದಿನ ಕತ್ತಲಲ್ಲಿದ್ದ ಅಜ್ಜಿಗೆ ಒಂಬತ್ತೂ ಬೆಟ್ಟ ತೋರಿಸುತ್ತೇವೆಂದು ಎಲ್ಲರೂ ಹೊರಟರು. ಮೊದಲ ಬೆಟ್ಟದ ಬುಡದಲ್ಲೇ ಅಜ್ಜಿಯ ಪಾತ್ರವನ್ನು ಹುಲಿ ಕೊಂದಿತು. ಮತ್ತೆ ಬಂದರು, ಮತ್ತೆ ಸತ್ತರು. ನೀವು ನಡೀರಿ, ನಾನು ನಿಧಾನಕ್ಕೆ ಬರ್ತೀನಿ ಎಂದು ಅವರು ಬರೆದು ಮುಗಿಸುವುದರೊಳಗೆ ಓದಲು ಅಲ್ಲಿ ಯಾರೂ ಇರಲಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಬಿದ್ದವರು ಎದ್ದರಲ್ಲ, ಇನ್ನೇಕೆ ನಿಲ್ಲಬೇಕು?

ಕೆಲವು ದಿನ ಅಜ್ಜಿ ಬಾವಿಕಟ್ಟೆಯ ಹತ್ತಿರ ಒಬ್ಬರೇ ನಿಂತಿರುತ್ತಿದ್ದರು. ದಾಸೊಲ್ ಹೋದಾಗ ಮಾತಾಡಿಸುತ್ತಿದ್ದಳು. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಆಟಗಾರರ ಮನೆಯ ವಿವರ ತೆಗೆದು ನೋಡುವಂತಿರಲಿಲ್ಲ; ಕೆಲಸಕ್ಕೇ ಕುತ್ತು ಬರುವ ವಿಷಯ. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಮಧ್ಯಾಹ್ನ ಪ್ಯೋ ಒಬ್ಬರೇ ಸೊಲ್ಲೊಂಗ್‌ತಾಂಗ್ ಎಂಬ ಎಲುಬಿನ ಸಾರು ಉಣ್ಣುತ್ತಿದ್ದ ಹೋಟೆಲಿಗೆ ಹೋಗಿ ಎದುರು ಕೂತು ಎಲ್ಲ ಹೇಳಿದಳು. ಅಜ್ಜಿಯ ವಿಷಯ, ತಾನು ಬೇಕೆಂದೇ ತಡಮಾಡಿದ್ದು, ಹೇಳುತ್ತ ಹೇಳುತ್ತ ಗಂಡನ ವಿಷಯವೂ ಬಂತು.

ಪ್ಯೋ ಚಮಚ ಕೆಳಗಿಟ್ಟು ಕೇಳಿದರು. ಆಮೇಲೆ ಮೂಲಂಗಿ ಕಿಮ್ಚಿಯ ಬಟ್ಟಲನ್ನು ಅವಳ ಕಡೆ ಸರಿಸಿದರು.

"ಆ ಬಾವಿ ಕಟ್ಟಿದ್ದು ನಾನು" ಎಂದರು. "ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಳಗೆ ಏನೂ ಇಡ್ಲಿಲ್ಲ, ಬರೀ ಕತ್ತಲೆ. ಯಾರೂ ನೋಡಲ್ಲ ಅಂದ್ಕೊಂಡಿದ್ದೆ." ಚಮಚ ಮತ್ತೆ ಎತ್ತಿಕೊಂಡು ಕೇಳಿದರು, "ಆ ಅಜ್ಜಿ ಬಿಟ್ಟು ಹೋಗಿದ್ದು ಬಾವಿ ತಪ್ಪಿತು ಅಂತಲೋ, ಕಾಯೋರು ಇಲ್ಲ ಅಂತಲೋ?"

ಆ ಪ್ರಶ್ನೆ ದಾಸೊಲ್‌ಳನ್ನು ಕೊರೆಯಿತು. ಮಾತಾಡುತ್ತಿರುವವರು ಮಾತಾಡುತ್ತಿದ್ದಾರೆಂದು ಈ ಆಟದಲ್ಲಿ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಸಾಲು ಮುಗಿದ ಮೇಲಷ್ಟೇ ಅದು ಕಾಣುತ್ತಿತ್ತು. ಅಲ್ಲಿವರೆಗೆ ಅಜ್ಜಿ ಸುಮ್ಮನೆ ನಿಂತ ಗೊಂಬೆ. ಅವಳು ಒಂದು ಸಣ್ಣ ದೀಪ ಮಾಡಿದಳು. ಯಾರಾದರೂ ಮೊದಲ ಅಕ್ಷರ ಒತ್ತಿದ ಕೂಡಲೇ ಅವರ ತಲೆಯ ಮೇಲೆ ಕಾಗದದ ಲಾಂದ್ರದಂಥ ದೀಪ ಹೊತ್ತಿಕೊಳ್ಳುತ್ತದೆ, ಮಾತು ಮುಗಿಯುವ ತನಕ ಉರಿಯುತ್ತದೆ. ಪ್ಯೋ ಬಹಳ ಕಾಲದ ಮೇಲೆ ತಾವೇ ಚಿತ್ರ ಬರೆಯಲು ಕೂತರು. ಬಾವಿಯೊಳಗೆ ಕಲ್ಲಿನ ಮೆಟ್ಟಿಲು ಇಳಿಸಿದರು, ತಳದಲ್ಲಿ ಅಡಿಯಿಂದ ಕಾವು ಬರುವ ಬೆಚ್ಚಗಿನ ಒಂದೋಲ್ ನೆಲ ಹಾಸಿದರು. ಕತ್ತಿ ಹಿರಿದು ಅಲ್ಲಿಗೆ ಇಳಿಯುವಂತಿರಲಿಲ್ಲ. ಹಳೇ ಆಟಕ್ಕೆ ಇದೆಲ್ಲ ಯಾತಕ್ಕೆ ಎಂದು ಮೇಲಿನವರು ಕೇಳಿದಾಗ, ರಿಪೇರಿ ಎಂದಷ್ಟೇ ಹೇಳಿದರು.

ಅಜ್ಜಿಗೆ ತಿಳಿಸುವುದು ಹೇಗೆ? ಅದಕ್ಕೆ ಬಸ್ ಡ್ರೈವರ್ ಒದಗಿದ. ಬಾವಿಯಲ್ಲಿದ್ದ ದಿನಗಳಲ್ಲಿ ಅಜ್ಜಿ ಅವನ ಮನೆಗೆ ಒಂದು ಪೆಟ್ಟಿಗೆ ಆಲೂಗಡ್ಡೆ ಪಾರ್ಸೆಲ್ ಮಾಡಿದ್ದರು. ಪೆಟ್ಟಿಗೆಯ ಮೇಲೆ ಬರೆದಿದ್ದ ಫೋನ್ ನಂಬರ್ ಅವನಲ್ಲಿತ್ತು. ಅವನು ಫೋನ್ ಮಾಡಿದರೆ, ಎಲ್ಲರಿಗೂ ಅವರವರ ಕೆಲಸ ಇರ್ತದೆ, ನಾನ್ಯಾಕೆ ಅಡ್ಡ ಬರಲಿ ಅಂತ ಬಿಟ್ಟೆ ಎಂದರಂತೆ. ಅವನು ಗದರಿಸಿಯೇ ಕರೆದನಂತೆ.

ಅಜ್ಜಿ ಬಂದ ದಿನ ದಾಸೊಲ್ ಬಾವಿಯ ತಳದಲ್ಲಿ ಕಾದಿದ್ದಳು. ಕವಚದ ಯೋಧನೂ ನರಿಕಿವಿಯವಳೂ ಇದ್ದರು, ಹೊಸ ಮುಖಗಳೂ ಇದ್ದವು. ಆಲೂಗಡ್ಡೆ ಅಜ್ಜಿ ಮೇಲೆ ಕಟ್ಟೆಯ ಬಳಿ ಬಹಳ ಹೊತ್ತು ನಿಂತು, ಆಮೇಲೆ ಒಂದೊಂದೇ ಮೆಟ್ಟಿಲಿಳಿದು ಬಂದರು. ದಾಸೊಲ್ ತಾನು ಈ ಆಟದಲ್ಲಿ ಕೆಲಸ ಮಾಡುವವಳೆಂದು, ನಿಮ್ಮನ್ನು ಬೇಗ ಎತ್ತದಿದ್ದವಳೂ ಆಮೇಲೆ ಎತ್ತಿದವಳೂ ತಾನೇ ಎಂದು ಬರೆದಳು.

ಅಜ್ಜಿಯ ತಲೆಯ ಮೇಲೆ ದೀಪ ಹೊತ್ತಿಕೊಂಡಿತು. ಯಾರೂ ಅಲುಗಾಡಲಿಲ್ಲ. ಆಗ ತಾನೇ ಬಂದ ಯಾರೋ ಅವಸರದ ಹುಡುಗ ಮೆಟ್ಟಿಲ ಮೇಲೇ ನಿಂತ, ದೀಪ ನೋಡಿ ಕೂತ. ದಾಸೊಲ್ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತಿದ್ದಳು.

"ಮೆಟ್ಲು ಬಲೇ ಕಡಿದು ಮಗಾ" ಎಂದು ಬಂತು. "ಮೊಣಕಾಲು ಯಾರ್ದು ಅಂದ್ಕೊಂಡು ಕಟ್ದೆ?"

ಆಫೀಸಿನಲ್ಲಿ ಮೊದಲ ಸಲ ದಾಸೊಲ್ ಗಟ್ಟಿಯಾಗಿ ನಕ್ಕಳು. ಅಕ್ಕಪಕ್ಕದವರು ತಲೆಯೆತ್ತಿ ನೋಡಿದರು. ಪ್ಯೋ ಎದ್ದು ಬಂದು, ಅವಳ ಹೆಗಲ ಮೇಲಿಂದ ಬಗ್ಗಿ ಆ ಸಾಲು ಓದಿದರು, ಹಿಂತಿರುಗಿ ಹೋಗಿ ತಮ್ಮ ಬಾವಿಯ ಚಿತ್ರವನ್ನು ಮತ್ತೆ ತೆರೆದರು. ಮುಂದಿನ ಗುರುವಾರ ಪ್ರತಿ ಮೆಟ್ಟಿಲೂ ಅರ್ಧದಷ್ಟು ತಗ್ಗಿತು.