ತಿದಿ ಕಟ್ಟಿಸಿಕೊಂಡ ಬೈಕು

ನಾನು ಒಂದು ವಿದ್ಯುತ್ ಬೈಕು. ಕಾರ್ಖಾನೆಯಲ್ಲಿ ಹುಟ್ಟಿದೆ, ಆದರೆ ಹುಟ್ಟಿದಾಗ ಅಳಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಪೆಟ್ರೋಲ್ ಬೈಕುಗಳು ಕಣ್ಣು ಬಿಟ್ಟ ಕೂಡಲೇ ಗುಡುಗುತ್ತಿದ್ದವು. ನನ್ನ ಹಿಂದಿನ ಗಾಲಿಯೊಳಗಿನ ಮೋಟಾರು ಮಾತ್ರ ಗುಂಯ್ ಎಂದು ಸಣ್ಣಗೆ ಕೊರಗುತ್ತಿತ್ತು, ಕಿವಿ ಹಚ್ಚಿದರಷ್ಟೇ ಕೇಳುವಷ್ಟು. ಬೈಕಿಗೆ ಯಾರು ಕಿವಿ ಹಚ್ಚುತ್ತಾರೆ? ನನಗೋ ನಿಂತಲ್ಲಿ ನಿಲ್ಲುವ ಸ್ವಭಾವವಲ್ಲ. ಓಡಬೇಕು, ಓಡಿದ್ದು ನಾಲ್ಕು ಜನರಿಗೆ ಗೊತ್ತಾಗಬೇಕು.

ನನ್ನನ್ನು ಕೊಂಡವಳು ಗುಳೇದಗುಡ್ಡದ ಶಿವಲೀಲಾ ಟೀಚರ್. ಅವಳ ಓಣಿಯಲ್ಲಿ ಹಗಲೆಲ್ಲ ಖಣ ನೇಯುವ ಮಗ್ಗಗಳ ಖಟಪಟ. "ಗಾಡಿಯಾದ್ರೂ ಸುಮ್ನಿರ್ಲಿ" ಎಂದು ನನ್ನನ್ನು ಆರಿಸಿದ್ದಳಂತೆ. ಇದು ಹೊಗಳಿಕೆಯೋ ಬೈಗುಳವೋ! ಹಾರ್ನ್ ಹೊಡೆಯುವುದು ಅವಳಿಗೆ ಸೊಕ್ಕಿನ ಲಕ್ಷಣ. ಓಣಿಯ ಎಮ್ಮೆಗಳು ಕೂಡ ನನಗೆ ದಾರಿ ಬಿಡುತ್ತಿರಲಿಲ್ಲ.

ಓಣಿಯ ತುದಿಯಲ್ಲಿ ರಾಚಪ್ಪನ ಮನೆ. ಹಾರ್ಮೋನಿಯಂ ರಿಪೇರಿ ಮಾಡುವವನು, ಹುಟ್ಟುಕುರುಡ. ಗಾಡಿ ಬಂದರೆ ಸಪ್ಪಳದಿಂದಲೇ ಯಾರದೆಂದು ಗುರುತಿಸಿ, "ಪರಸಪ್ಪಾ, ನಿನ್ನ ಸೈಲೆನ್ಸರ್ ತೂತಾಗೈತಿ ನೋಡೋ" ಎನ್ನುತ್ತ ಬದಿಗೆ ಸರಿಯುತ್ತಿದ್ದ. ಒಂದು ಬೆಳಿಗ್ಗೆ ಅವನು ಚಹಾದಂಗಡಿಗೆ ದಾಟುವಾಗ ನಾನು ತಿರುವಿನಲ್ಲಿ ಬಂದೆ. ಬ್ರೇಕ್ ಹಾಕಿದರೂ ನನ್ನ ಹ್ಯಾಂಡಲ್ ಅವನ ಭುಜಕ್ಕೆ ಬಡಿಯಿತು. ಮೊಣಕಾಲು ತರಚಿತು, ಕೋಲು ಮುರಿಯಿತು. ಇಷ್ಟೇ ಅಂದುಕೊಂಡೆವು. ಮರುದಿನದಿಂದ ರಾಚಪ್ಪ ಹೊಸ್ತಿಲು ದಾಟಲಿಲ್ಲ. ಶಿವಲೀಲಾ ನನ್ನನ್ನು ಅವನ ಕಟ್ಟೆಯ ಮುಂದೆ ನಿಲ್ಲಿಸಿ ವಿಚಾರಿಸಲು ಹೋದಳು.

"ನನ್ನ ಕಿವಿ ಹ್ವಾದವು ತಂಗಿ. ಕಣ್ಣಂತೂ ಇರಲೇ ಇಲ್ಲ. ಇನ್ನ ಹಾರ್ಮೋನಿಯಂ ಹೆಂಗ ಮುಟ್ಲಿ?"

"ನಿಮ್ಮ ಕಿವಿ ನೆಟ್ಟಗದಾವ್ರಿ ಕಾಕಾ. ನನ್ನ ಗಾಡಿಗೇ ಸಪ್ಪಳ ಇಲ್ರಿ" ಎಂದಳು ಶಿವಲೀಲಾ.

"ಸಪ್ಪಳ ಇಲ್ಲದ ಗಾಡಿ ಎಲ್ಲೈತಿ? ನನ್ನ ಸಮಾಧಾನಕ್ಕ ಹೇಳಬ್ಯಾಡವಾ."

ನನ್ನಿಂದಾಗಿ ಒಬ್ಬ ಮನುಷ್ಯ ತನ್ನ ಕಿವಿಯನ್ನೇ ನಂಬದಂತಾದ. ಆ ವಾರ ನನಗೆ ನಿಂತರೂ ಸಂಕಟ, ಓಡಿದರೂ ಸಂಕಟ.

ಶಿವಲೀಲಾ ನನ್ನ ಸೀಟಿನ ಕೆಳಗೆ ಒಂದು ಸ್ಪೀಕರ್ ಕೂರಿಸಿದಳು. ಅದರಿಂದ ದೊಡ್ಡ ಬೈಕಿನ ಗುಡುಗು. ಅಬ್ಬಬ್ಬಾ, ನನ್ನ ಠೀವಿಯೇನು! ಎಮ್ಮೆಗಳು ಬಾಲವೆತ್ತಿ ಓಡಿದವು. ಜಂಬದಿಂದ ರಾಚಪ್ಪನ ಕಟ್ಟೆಯ ಮುಂದೆ ಎರಡು ಸಲ ಹೋಗಿ ಬಂದು ನಿಂತೆವು.

ಅವನು ಮುಖ ಕಿವುಚಿದ. "ಯಾರದಿದು ಸುಳ್ಳ ಗಾಡಿ? ನಿಂತಾಗೂ ಅಷ್ಟ, ಓಡಿದಾಗೂ ಅಷ್ಟ ಒದರತೈತಿ. ಸಾವಕಾಶ ಬರಾಕತ್ತೈತೋ, ಜೋರ ಬರಾಕತ್ತೈತೋ ಹೆಂಗ ತಿಳೀಬೇಕು? ಇದು ಇಂಜಿನ್ ಅಲ್ಲ, ಡಬ್ಬಿ."

ಶಿವಲೀಲಾ ಸ್ಪೀಕರ್ ಬಂದ್ ಮಾಡಿದಳು. "ಕಿವಿ ಹ್ವಾದವರಿಗೆ ಇಷ್ಟೆಲ್ಲಾ ಹೆಂಗ ತಿಳೀತ್ರಿ ಕಾಕಾ?"

ರಾಚಪ್ಪ ನಗುತ್ತಲೇ ಕಣ್ಣೊರೆಸಿಕೊಂಡ. ಕಟ್ಟೆಯಿಳಿದು ತಡವುತ್ತ ಬಂದು ನನ್ನ ಹಿಂದಿನ ಗಾಲಿ ಹಿಡಿದ. "ಇದನ್ನ ಇಲ್ಲೇ ಬಿಟ್ಟ ಹೋಗು. ಖರೇ ಧ್ವನಿ ನಾ ಕೊಡ್ತೀನಿ."

ಮೂರು ದಿನ ದುಡಿದ. ಹಳೆಯ ಹಾರ್ಮೋನಿಯಂನಿಂದ ಗಾಳಿಯೊತ್ತುವ ತಿದಿಯನ್ನೂ ಒಂದು ಹಿತ್ತಾಳೆ ರೀಡನ್ನೂ ತೆಗೆದು ಗಾಲಿಯ ಬಳಿ ಕಟ್ಟಿದ. ಗಾಲಿ ಒಂದು ಸುತ್ತು ಬಂದರೆ ತಿದಿ ಒಮ್ಮೆ ಒತ್ತುತ್ತದೆ, ರೀಡು ಒಮ್ಮೆ ಕೂಗುತ್ತದೆ. ನಿಧಾನ ಹೋದರೆ ಪೋಂ... ಪೋಂ. ಜೋರಾದರೆ ಪೋಂಪೋಂಪೋಂ, ಇನ್ನೂ ದೊಡ್ಡದಾಗಿ. ನಿಂತರೆ ಮೌನ.

ನಾಚಿಕೆಯಾಯಿತು, ಸುಳ್ಳೇಕೆ? ಗುಡುಗಬೇಕೆಂದಿದ್ದವನಿಗೆ ಇದು ಸಿಕ್ಕಿತು. "ಭಜನಿ ಗಾಡಿ ಬಂತು" ಎಂದು ನೇಕಾರರು ಮಗ್ಗದಿಂದಲೇ ನಕ್ಕರು. ಆದರೆ ಮರುದಿನ ತಿರುವಿನಲ್ಲಿ ಬಂದಾಗ ಹೊಸ ಕೋಲು ಹಿಡಿದ ರಾಚಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. "ಲೀಲವ್ವಾ, ಇವತ್ತ ತಡ ಆಗೈತಿ, ಭಾಳ ಜೋರ ಹೊಂಟಿ!" ಎಂದ. ನಾಚಿಕೆ ಅಲ್ಲಿಗೆ ಹೋಯಿತು.

ಎಂಟು ವರ್ಷಕ್ಕೆ ನನ್ನ ಬ್ಯಾಟರಿ ಸತ್ತಿತು. ತಿದಿ ಶಿವಲೀಲಾಳ ಹೊಸ ಗಾಡಿಗೆ ಹೋಯಿತು. ನನ್ನನ್ನು ಚಹಾದಂಗಡಿಯವನು ಹಿತ್ತಲಿಗೆ ತಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. ಸೀಟಿನ ಮೇಲೆ ಅವನ ಅರಿವೆ ಒಣಗುತ್ತವೆ. ದಾರಿಯಲ್ಲಿ ಪೋಂ ಎಂದರೆ ನನ್ನ ಗಾಲಿ ಈಗಲೂ ಚಡಪಡಿಸುತ್ತದೆ.

ಮೊನ್ನೆ ಅಮಾವಾಸ್ಯೆ, ಮಗ್ಗಗಳಿಗೆ ರಜೆ. ಓಣಿಯೆಲ್ಲ ನಿಶ್ಶಬ್ದ. ಚಹಾ ಕುಡಿದ ರಾಚಪ್ಪ ಹಿತ್ತಲಿಗೆ ಬಂದು, ತಡವಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿ ಹಚ್ಚಿದ.

ಗುಂಯ್.

"ಅವತ್ತ ತಿರುವಿನ್ಯಾಗ ನೀನೂ ಒದರಿದ್ದಿ ಬಿಡು" ಎಂದ. "ಮಗ್ಗದ ಗದ್ದಲದಾಗ ನನಗ ಕೇಳಲಿಲ್ಲ."

ಗಾಲಿ ನಿಂತಿತು. ಅವನು ಕಿವಿ ತೆಗೆಯಲಿಲ್ಲ. ನನಗೂ ಓಡಬೇಕೆನ್ನಿಸಲಿಲ್ಲ.